ಫಿಯೋನಾ ವುಡ್ ಅವರ ಸಂಶೋಧನೆ: 'ಸ್ಪ್ರೇ ಚರ್ಮ'ದ ಆಚೆಗೂ ಮಾತಾಡೋಣ

ಮುಂಗಾರು_ಓದು

ಸುಟ್ಟಗಾಯದ ಸರ್ಜನ್ ಫಿಯೋನಾ ವುಡ್ ಬಗ್ಗೆ ಎಲ್ಲಿ ಓದಿದರೂ ಒಂದೇ ಕಥೆ ಸಿಗುತ್ತದೆ. ರೋಗಿಯ ಚರ್ಮದ ಚೂರು ತೆಗೆದರು, ಕೋಶಗಳನ್ನು ಬಿಡಿಸಿದರು, ಗಾಯದ ಮೇಲೆ ಸ್ಪ್ರೇ ಮಾಡಿದರು, ಚರ್ಮ ಬಂತು. ಕಥೆ ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಆಕೆ ಇಷ್ಟು ವರ್ಷ ಬೆನ್ನುಹತ್ತಿದ ಪ್ರಶ್ನೆಯೇ ಕೈತಪ್ಪಿಹೋಗುತ್ತದೆ. ಅದಕ್ಕೇ ಈ ಚರ್ಚೆ ಶುರುಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ: 1958ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1987ರಲ್ಲಿ ಆಸ್ಟ್ರೇಲಿಯಾದ ಪರ್ತ್‌ಗೆ ಬಂದವರು. ಪಶ್ಚಿಮ ಆಸ್ಟ್ರೇಲಿಯಾದ ಮೊದಲ ಮಹಿಳಾ ಪ್ಲಾಸ್ಟಿಕ್ ಸರ್ಜನ್. 1992ರಲ್ಲಿ ಮೈಯ ಶೇ 90ರಷ್ಟು ಸುಟ್ಟ ಶಿಕ್ಷಕರೊಬ್ಬರು ಆಕೆಯ ಬಳಿ ಬಂದರು. ಕಸಿ ಮಾಡಲು ಮೈಮೇಲೆ ಆರೋಗ್ಯವಂತ ಚರ್ಮವೇ ಉಳಿದಿರಲಿಲ್ಲ. ಆಗ ಅಮೆರಿಕದಲ್ಲಿ ಬಳಕೆಯಲ್ಲಿದ್ದ, ಪ್ರಯೋಗಾಲಯದಲ್ಲಿ ಚರ್ಮದ ಹಾಳೆ ಬೆಳೆಸುವ ವಿಧಾನವನ್ನು ಆಶ್ರಯಿಸಿದರು. ರೋಗಿ ಉಳಿದರು. ಆದರೆ ಹಾಳೆ ಬೆಳೆಯಲು ಸುಮಾರು 21 ದಿನ ಬೇಕಿತ್ತು. ಅಷ್ಟು ದಿನ ಗಾಯ ತೆರೆದೇ ಇರುತ್ತದೆ.

ಮುಂದೆ ವಿಜ್ಞಾನಿ ಮರೀ ಸ್ಟೋನರ್ ಜತೆ ಸೇರಿ ವುಡ್ ಆ 21 ದಿನವನ್ನು 5ಕ್ಕೆ ಇಳಿಸಿದರು. ಕೋಶಗಳು ಹಾಳೆಯಾಗಿ ಹೆಣೆದುಕೊಳ್ಳುವವರೆಗೆ ಕಾಯದೆ, ಅದಕ್ಕೂ ಮೊದಲೇ ದ್ರವರೂಪದಲ್ಲಿ ಗಾಯದ ಮೇಲೆ ಸಿಂಪಡಿಸಿ, ಉಳಿದ ಬೆಳವಣಿಗೆ ಗಾಯದ ಮೇಲೇ ಆಗಲಿ ಎಂದು ಬಿಟ್ಟರು. ಆಮೇಲೆ ಬಂದ 'ರೀಸೆಲ್' ಕಿಟ್‌ನಲ್ಲಿ ಕೋಶ ಬೆಳೆಸುವ ಹಂತವೇ ಇಲ್ಲ. ಅಂಚೆಚೀಟಿ ಗಾತ್ರದ ಚರ್ಮವನ್ನು ಕಿಣ್ವದಲ್ಲಿ ನೆನೆಸಿ, ಕೆರೆದು, ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಅರ್ಧ ಗಂಟೆಯ ಆಸುಪಾಸಿನಲ್ಲಿ ದ್ರಾವಣ ತಯಾರು. ತೆಗೆದ ಚರ್ಮದ 80 ಪಟ್ಟು ವಿಸ್ತೀರ್ಣಕ್ಕೆ ಅದು ಸಾಕಾಗುತ್ತದೆ.

ಗಮನಿಸಿ: 21 ದಿನ, 5 ದಿನ, ಅರ್ಧ ಗಂಟೆ. ಆಕೆಯ ಕೆಲಸದ ಉದ್ದಕ್ಕೂ ಓಡುವ ದಾರ ಸಮಯ. ಉಪಕರಣ ಆಮೇಲಿನ ಮಾತು. ಗಾಯ ಎಷ್ಟು ಬೇಗ ಮುಚ್ಚುತ್ತದೋ ಕಲೆ ಅಷ್ಟು ಕಡಿಮೆ ಎಂಬ ನಂಬಿಕೆಯ ಮೇಲೆ ಎಲ್ಲವೂ ನಿಂತಿದೆ. ಆ ನಂಬಿಕೆ ಎಷ್ಟು ಗಟ್ಟಿ? ಈ ಕ್ಷೇತ್ರದಲ್ಲಿ ಇರುವವರು ಹೇಳಬೇಕು.

ಕತ್ತರಿ_ಸೂಜಿ

ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದ ಸರ್ಜನ್ ಆಗಿ ಹೇಳುತ್ತೇನೆ, ನಂಬಿಕೆ ಗಟ್ಟಿಯೇ. 1983ರಲ್ಲಿ ಡೈಚ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ನಮ್ಮಲ್ಲಿ ಓದದವರಿಲ್ಲ. 14ರಿಂದ 21 ದಿನದೊಳಗೆ ಮಾಯ್ದ ಗಾಯಗಳಲ್ಲಿ ಮೂರನೇ ಒಂದು ಭಾಗ ಉಬ್ಬಿದ ಕಲೆಗಳಾದವು. 21 ದಿನ ದಾಟಿ ಮಾಯ್ದವುಗಳಲ್ಲಿ ಶೇ 78. ಎರಡು ವಾರದೊಳಗೆ ಮಾಯ್ದರೆ ಅಪಾಯ ತೀರಾ ಕಡಿಮೆ. "ಮೂರು ವಾರದಲ್ಲಿ ತಾನಾಗಿ ಮಾಯದು ಅನ್ನಿಸಿದರೆ ಕಸಿ ಮಾಡಿ" ಎಂದು ನಾವು ಕಲಿತ ನಿಯಮದ ಹಿಂದೆ ಇರುವುದು ಇಂಥ ಅಂಕಿಗಳೇ.

ಆದರೆ ಸಮಯದ ಮಹತ್ವ ಮೊದಲು ಕಂಡವರು ವುಡ್ ಅಲ್ಲ. ಜೋರಾ ಯಾನ್‌ಝೆಕೊವಿಚ್ ಹೆಸರನ್ನು ಇಲ್ಲಿ ಹೇಳಲೇಬೇಕು. ಆಗಿನ ಯುಗೋಸ್ಲಾವಿಯಾದ, ಈಗಿನ ಸ್ಲೊವೇನಿಯಾದ ಮಾರಿಬೋರ್ ಎಂಬ ಊರಿನ ಸರ್ಜನ್. ಅವರ ಕಾಲದಲ್ಲಿ ಆಳವಾಗಿ ಸುಟ್ಟ ಚರ್ಮ ತಾನಾಗಿ ಕೊಳೆತು ಕಳಚಿಕೊಳ್ಳುವವರೆಗೆ ವಾರಗಟ್ಟಲೆ ಕಾಯುತ್ತಿದ್ದರು. ಅಷ್ಟರಲ್ಲಿ ಸೋಂಕು ನುಗ್ಗುತ್ತಿತ್ತು, ಎಷ್ಟೋ ಜನ ಸಾಯುತ್ತಿದ್ದರು, ಉಳಿದವರ ಕೈಕಾಲು ಸೆಟೆದುಹೋಗುತ್ತಿದ್ದವು. ಯಾನ್‌ಝೆಕೊವಿಚ್ ಮೊದಲ ಕೆಲವೇ ದಿನಗಳಲ್ಲಿ ಸತ್ತ ಪದರವನ್ನು ತೆಳುತೆಳುವಾಗಿ ಹೆರೆಯುತ್ತ ಹೋದರು. ಚುಕ್ಕಿಚುಕ್ಕಿಯಾಗಿ ರಕ್ತ ಜಿನುಗಿತೆಂದರೆ ಜೀವಂತ ಪದರ ಸಿಕ್ಕಿತು, ಅಲ್ಲಿಗೆ ನಿಲ್ಲಿಸಿ ತಕ್ಷಣ ಕಸಿ. 1970ರಲ್ಲಿ ಅದನ್ನು ಲೇಖನವಾಗಿ ಬರೆದ ಮೇಲೆ ಜಗತ್ತಿನ ಸುಟ್ಟಗಾಯದ ಚಿಕಿತ್ಸೆಯೇ ಬೇರೆ ದಾರಿ ಹಿಡಿಯಿತು. ಸ್ಪ್ರೇ ಮಾಡಬೇಕಾದರೂ ಮೊದಲು ಹೀಗೆ ಹೆರೆದ ಶುದ್ಧ ನೆಲ ಬೇಕು. ಪತ್ರಿಕೆಗಳಲ್ಲಿ ಅವರ ಹೆಸರು ಬರುವುದೇ ಇಲ್ಲ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಪ್ರಶ್ನೆಗಾರ

ವೈದ್ಯಕೀಯ ಓದದವನ ಪ್ರಶ್ನೆ. ತಡವಾಗಿ ಮಾಯ್ದರೆ ಕಲೆ ಯಾಕೆ ಉಬ್ಬಬೇಕು? ಹದಿನೈದನೇ ದಿನ ಮುಚ್ಚಿದರೂ ಮೂವತ್ತನೇ ದಿನ ಮುಚ್ಚಿದರೂ ಮುಚ್ಚುವುದು ಅದೇ ಚರ್ಮ ತಾನೆ?

ಕೋಶಲೋಕ

@ಪ್ರಶ್ನೆಗಾರ, ಮುಚ್ಚುವುದು ಮೇಲ್ಚರ್ಮ. ಕಲೆ ಕಟ್ಟುವುದು ಒಳಚರ್ಮ. ಎರಡರ ನಡುವಿನ ಮಾತುಕತೆ ಎಷ್ಟು ದಿನ ಕಡಿದುಹೋಗಿತ್ತು ಅನ್ನುವುದರ ಮೇಲೆ ಕಲೆ ನಿಂತಿದೆ.

ಮೇಲುಮೇಲಿನ ಸುಟ್ಟಗಾಯದಲ್ಲಿ ಕೂದಲ ಬುಡ, ಬೆವರುನಾಳಗಳು ಒಳಗೆ ಉಳಿದಿರುತ್ತವೆ. ಅವುಗಳ ಗೋಡೆಯಲ್ಲಿರುವ ಕೋಶಗಳು ಎದ್ದು ಹೊರಗೆ ಹರಿದು ಗಾಯವನ್ನು ಅಲ್ಲಲ್ಲಿಂದ ಮುಚ್ಚುತ್ತವೆ. ಅದಕ್ಕೇ ಬೇಗ ಮಾಯುತ್ತದೆ. ಆಳವಾಗಿ ಸುಟ್ಟರೆ ಆ ಬುಡಗಳೂ ಸುಟ್ಟಿರುತ್ತವೆ, ಅಂಚಿನಿಂದ ಮಾತ್ರ ತೆವಳಿ ಬರಬೇಕು. ಅಷ್ಟು ದಿನವೂ ಉರಿಯೂತ ಆರುವುದಿಲ್ಲ. ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ತರಹದ ರಾಸಾಯನಿಕ ಸಂಕೇತಗಳು ಸುರಿಯುತ್ತಲೇ ಇರುತ್ತವೆ. ಒಳಚರ್ಮದಲ್ಲಿ ಎಳೆ ಹೆಣೆಯುವ ಫೈಬ್ರೊಬ್ಲಾಸ್ಟ್ ಕೋಶಗಳು ಆ ಸಂಕೇತಕ್ಕೆ ರೂಪ ಬದಲಿಸಿ, ಸ್ನಾಯುವಿನಂತೆ ಎಳೆಯುವ ಶಕ್ತಿ ಪಡೆಯುತ್ತವೆ. 1971ರಲ್ಲಿ ಗಬ್ಬಿಯಾನಿ ಮತ್ತು ಜತೆಗಾರರು ಗುರುತಿಸಿದ ಮಯೋಫೈಬ್ರೊಬ್ಲಾಸ್ಟ್ ಇದೇ. ಗಾಯವನ್ನು ಎಳೆದು ಚಿಕ್ಕದು ಮಾಡುವುದೂ ಕಾಲಜನ್ ಎಂಬ ಪ್ರೋಟೀನ್ ಎಳೆಗಳನ್ನು ರಾಶಿ ಹಾಕುವುದೂ ಅದರ ಕೆಲಸ. ಮೇಲ್ಚರ್ಮ ಬಂದು ಕೂತ ಮೇಲೆ ಅದರಿಂದ ಹೊರಡುವ ಸಂಕೇತಗಳು "ಸಾಕು, ನಿಲ್ಲಿಸಿ" ಎನ್ನುತ್ತವೆ. ಆಗ ಈ ಕೋಶಗಳು ಹೆಚ್ಚಿನಂಶ ಸತ್ತು ಮರೆಯಾಗಬೇಕು. ತಡವಾದಷ್ಟೂ ಅವುಗಳ ಸಂಖ್ಯೆ ಬೆಳೆದಿರುತ್ತದೆ, ಹೇಳಿದರೂ ನಿಲ್ಲುವುದಿಲ್ಲ.

ಆಮೇಲೆ ಒಂದರಿಂದ ಎರಡು ವರ್ಷ ಕಲೆ ಒಳಗೊಳಗೇ ಹದಗೊಳ್ಳುತ್ತಿರುತ್ತದೆ. ಆದರೂ ಎಳೆಗಳು ಒಂದೇ ದಿಕ್ಕಿಗೆ ಮಲಗಿದ ಕಾಲಜನ್ನೇ, ಬುಟ್ಟಿಯ ಹೆಣಿಗೆಯಂತಹ ಮೂಲ ವಿನ್ಯಾಸ ಮರಳುವುದಿಲ್ಲ. ಎಷ್ಟೇ ಚೆನ್ನಾಗಿ ಮಾಯ್ದರೂ ಕಲೆಯ ಗಟ್ಟಿತನ ಮೂಲ ಚರ್ಮದ ಸುಮಾರು ಶೇ 80ಕ್ಕೆ ನಿಲ್ಲುತ್ತದೆ.

ಬೆಳ್ಳಿಮೋಡ

ಈ ಚರ್ಚೆಯಲ್ಲಿ ಇದುವರೆಗೆ ಮಾತಾಡಿದವರು ಗಾಯವನ್ನು ಹೊರಗಿನಿಂದ ನೋಡಿದವರು. ನಾನು ಒಳಗಿನಿಂದ ಹೇಳುತ್ತೇನೆ. ಎದೆ, ಕುತ್ತಿಗೆ, ಎರಡು ತೋಳು ಸುಟ್ಟಿದ್ದವು. ಬಲೆ ಹಾಗೆ ಹಿಗ್ಗಿಸಿದ ಚರ್ಮದ ಕಸಿ ಮಾಡಿದ್ದಾರೆ, ಆ ಬಲೆಯ ಗುರುತು ಇವತ್ತಿಗೂ ತೋಳಿನ ಮೇಲೆ ಇದೆ.

ಜನ ಕೇಳುವುದು ನೋಟದ ಬಗ್ಗೆ. ನನ್ನನ್ನು ಸೋಲಿಸುತ್ತಿದ್ದದ್ದು ನವೆ. ರಾತ್ರಿ ನಿದ್ದೆಯಲ್ಲೇ ಕೆರೆದುಕೊಂಡು, ಮಾಯ್ದ ಜಾಗ ಮತ್ತೆ ಕಿತ್ತುಬಂದಿರುತ್ತಿತ್ತು. ಎರಡನೆಯದು ಸೆಕೆ. ಕಸಿ ಮಾಡಿದ ಚರ್ಮ ಬೆವರುವುದಿಲ್ಲ. ಉಳಿದ ಮೈ ಎರಡರಷ್ಟು ಬೆವರಿ ಸರಿದೂಗಿಸಬೇಕು. ಮೂರನೆಯದು, ದಾನಿ ಜಾಗ. ತೊಡೆಯಿಂದ ಚರ್ಮ ತೆಗೆದ ಕಡೆಯ ನೋವು ಸುಟ್ಟ ಕಡೆಗಿಂತ ಜಾಸ್ತಿ ಇತ್ತು, ಅಲ್ಲೂ ಒಂದು ಹೊಸ ಕಲೆ ಬಂತು. ಹಾಗಾಗಿ 80 ಪಟ್ಟು ಅಂದದ್ದು ಓದಿದಾಗ ನನಗೆ ವೇಗಕ್ಕಿಂತ ಮೊದಲು ಕಂಡದ್ದು ಇದು: ತೊಡೆಯಿಂದ ಅಷ್ಟು ಕಡಿಮೆ ಚರ್ಮ ತೆಗೆದರೆ ಸಾಕೇ?

ಕತ್ತರಿ_ಸೂಜಿ

@ಬೆಳ್ಳಿಮೋಡ, ನೀವು ಹೇಳಿದ ಅಂಶವನ್ನೇ ಅಮೆರಿಕದ ಪ್ರಯೋಗಗಳು ಅಳೆದದ್ದು. ಆಳವಾದ ಗಾಯಗಳಲ್ಲಿ ಬಲೆ-ಕಸಿಯ ಜತೆ ರೀಸೆಲ್ ಸೇರಿಸಿದಾಗ ದಾನಿ ಚರ್ಮ ಶೇ 32ರಷ್ಟು ಕಡಿಮೆ ಸಾಕಾಯಿತು, ಮಾಯುವಿಕೆಯಲ್ಲಿ ಹಿನ್ನಡೆ ಆಗಲಿಲ್ಲ. ಒಳಚರ್ಮ ಭಾಗಶಃ ಉಳಿದ ಗಾಯಗಳಲ್ಲಿ ಸ್ಪ್ರೇ ಒಂದೇ ಸಾಕಾಗಿ, ಉಳಿತಾಯ ಶೇ 97ರ ಮೇಲೆ ಹೋಯಿತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಈ ಆಧಾರದ ಮೇಲೆ.

ಆದರೆ ಒಂದು ಮಾತು ಬಿಡಿಸಿ ಹೇಳಬೇಕು. ಸ್ಪ್ರೇ ಕೊಡುವುದು ಮೇಲ್ಚರ್ಮದ ಕೋಶಗಳನ್ನು. ಒಳಚರ್ಮ ಪೂರ್ತಿ ಹೋಗಿದ್ದರೆ ಅದೊಂದೇ ಸಾಲದು, ಕೆಳಗೆ ಬಲೆ-ಕಸಿಯೋ ಕೃತಕ ಒಳಚರ್ಮವೋ ಬೇಕೇ ಬೇಕು. ಕೃತಕ ಒಳಚರ್ಮದ ದಾರಿ ತೆರೆದವರು ಬಾಸ್ಟನ್‌ನ ಸರ್ಜನ್ ಜಾನ್ ಬರ್ಕ್ ಮತ್ತು ಎಂಐಟಿಯ ಯಾನಿಸ್ ಯಾನಸ್. ಹಸುವಿನ ಕಾಲಜನ್, ಶಾರ್ಕ್ ಮೃದ್ವಸ್ಥಿಯ ಅಂಶ, ಮೇಲೊಂದು ಸಿಲಿಕೋನ್ ಪೊರೆ ಸೇರಿಸಿ ಮಾಡಿದ ಆ ವಸ್ತುವನ್ನು 1981ರಲ್ಲಿ ರೋಗಿಗಳ ಮೇಲೆ ಬಳಸಿದ್ದನ್ನು ವರದಿ ಮಾಡಿದರು.

ತಕ್ಕಡಿ

ಎಲ್ಲರೂ ಮೆಚ್ಚುತ್ತಿದ್ದೀರಿ, ಮೆಚ್ಚುಗೆಗೆ ವುಡ್ ಅರ್ಹರೇ. ಆದರೂ ಒಂದು ಪ್ರಶ್ನೆ ಇಡದೆ ಹೋಗಲಾರೆ. ಕೋಶ ಸಿಂಪಡಿಸುವ ವಿಧಾನ ತೊಂಬತ್ತರ ದಶಕದ ನಡುವಿನಿಂದಲೇ ರೋಗಿಗಳ ಮೇಲೆ ಬಳಕೆಯಾಗುತ್ತಿತ್ತು. 2002ರ ಅಕ್ಟೋಬರ್‌ನಲ್ಲಿ ಬಾಲಿ ಬಾಂಬ್ ದಾಳಿಯ 28 ಗಾಯಾಳುಗಳು ರಾಯಲ್ ಪರ್ತ್ ಆಸ್ಪತ್ರೆಗೆ ಬಂದಾಗ ಇಡೀ ಜಗತ್ತಿಗೆ ಅದರ ಹೆಸರು ತಿಳಿಯಿತು. 2005ರಲ್ಲಿ ಆಕೆ 'ವರ್ಷದ ಆಸ್ಟ್ರೇಲಿಯನ್' ಆದರು. ಆದರೆ ಎಫ್‌ಡಿಎ ಕೇಳುವ ತರಹದ, ಮಾಮೂಲಿ ಚಿಕಿತ್ಸೆಯ ಜತೆ ಹೋಲಿಸಿ ನೋಡುವ ನಿಯಂತ್ರಿತ ಪ್ರಯೋಗದ ಫಲಿತಾಂಶ ಬಂದದ್ದು ಎಷ್ಟೋ ವರ್ಷಗಳ ನಂತರ. ಈ ತಂತ್ರವನ್ನು ಮಾರುಕಟ್ಟೆಗೆ ತರಲು ಕಟ್ಟಿದ ಕಂಪನಿಯ ಮೂಲದಲ್ಲೂ ಆಕೆ ಇದ್ದಾರೆ. ಖ್ಯಾತಿ ಮೊದಲು, ಪುರಾವೆ ಆಮೇಲೆ. ಈ ಕ್ರಮ ಸರಿಯೇ?

ಮುಂಗಾರು_ಓದು

ನ್ಯಾಯವಾದ ಪ್ರಶ್ನೆ. ಆಸ್ಟ್ರೇಲಿಯಾದ ಸರ್ಜನ್‌ಗಳ ನಡುವೆಯೂ ಇದೇ ಟೀಕೆ ಕೇಳಿಬಂದಿತ್ತು. ಬಾಲಿಯ ಗಾಯಾಳುಗಳಲ್ಲಿ 25 ಜನ ಉಳಿದರು, ಮೂವರು ತೀರಿಕೊಂಡರು. ಕೆಲವರ ಮೈ ಶೇ 92ರವರೆಗೆ ಸುಟ್ಟಿತ್ತು. ಅಷ್ಟು ಜನ ಉಳಿದದ್ದು ಸ್ಪ್ರೇಯಿಂದಲೇ ಅನ್ನುವುದು ತಪ್ಪಾಗುತ್ತದೆ. ದಾಳಿಗೆ ಮೊದಲೇ ಸಿದ್ಧವಿದ್ದ ವಿಪತ್ತು ಯೋಜನೆ, ದ್ರವ ಚಿಕಿತ್ಸೆ, ಐಸಿಯು, ದಾದಿಯರು, ಫಿಸಿಯೋಗಳ ದೊಡ್ಡ ತಂಡ, ಎಲ್ಲ ಸೇರಿತ್ತು.

ಕತ್ತರಿ_ಸೂಜಿ

ನಾನು @ತಕ್ಕಡಿ ಅವರ ಜತೆ ಅರ್ಧ ಒಪ್ಪುತ್ತೇನೆ. ಪುರಾವೆ ತಡವಾದದ್ದು ನಿಜ. ಅದರಿಂದ ಯಾವ ಗಾಯಕ್ಕೆ ಸ್ಪ್ರೇ ಹೊಂದುತ್ತದೆ, ಯಾವುದಕ್ಕೆ ಇಲ್ಲ ಅನ್ನುವುದು ತಿಳಿಯಲೂ ತಡವಾಯಿತು. ಆದರೆ ಸುಟ್ಟಗಾಯದಲ್ಲಿ ಒಂದೇ ಬಗೆಯ ಇಬ್ಬರು ರೋಗಿಗಳು ಸಿಗುವುದು ಕಷ್ಟ. ಅದಕ್ಕೇ ಆ ಅಮೆರಿಕದ ಪ್ರಯೋಗಗಳಲ್ಲಿ ಒಬ್ಬರದೇ ಮೈಯ ಒಂದು ಗಾಯಕ್ಕೆ ಸ್ಪ್ರೇ, ಅಂಥದೇ ಇನ್ನೊಂದಕ್ಕೆ ಮಾಮೂಲಿ ಕಸಿ ಮಾಡಿ ಹೋಲಿಸಿದರು. ಈ ವಿನ್ಯಾಸವನ್ನು ಹತ್ತು ವರ್ಷ ಮೊದಲೇ ಮಾಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸ್ಪ್ಲಿಂಟ್_ಗೆಳತಿ

ಫಿಸಿಯೋಥೆರಪಿಸ್ಟ್ ಆಗಿ ನನ್ನದೊಂದು ಮಾತು. ಗಾಯ ಮುಚ್ಚಿದ ದಿನ ಎಲ್ಲರೂ ಸಂತೋಷಪಡುತ್ತಾರೆ, ನಮ್ಮ ಆತಂಕ ಶುರುವಾಗುವುದು ಅವತ್ತೇ. @ಕೋಶಲೋಕ ಹೇಳಿದ ಎಳೆಯುವ ಕೋಶಗಳು ನಿಲ್ಲುವುದಿಲ್ಲವಲ್ಲ. ರೋಗಿಗೆ ಹಿತವೆನಿಸುವ ಭಂಗಿಯೇ ಸೆಟೆತಕ್ಕೆ ದಾರಿ. ಕುತ್ತಿಗೆ ಸುಟ್ಟವರಿಗೆ ದಿಂಬು ಹಿತ, ಆದರೆ ಗದ್ದ ಎದೆಗೆ ಅಂಟುತ್ತ ಬರುತ್ತದೆ. ಮೊಣಕೈ ಮಡಚಿದರೆ ನೋವು ಕಡಿಮೆ, ಆದರೆ ಮಡಚಿದ್ದು ಮಡಚಿದಂತೆಯೇ ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಸ್ಪ್ಲಿಂಟ್ (ಕೀಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ), ಚಲನೆ, ಹಿಗ್ಗಿಸುವುದು. ರೋಗಿ ಅಳುತ್ತಾರೆ, ನಾವೂ ಒಳಗೊಳಗೇ ಅಳುತ್ತೇವೆ, ಆದರೂ ಮಾಡಿಸುತ್ತೇವೆ.

ಸಿಲಿಕೋನ್ ಜೆಲ್ ಅಥವಾ ಹಾಳೆ ಉಬ್ಬಿದ ಕಲೆಗೆ ಮೊದಲ ಆಯ್ಕೆ. ಅದು ಕಲೆಯ ಮೇಲ್ಪದರದ ತೇವ ಹೊರಹೋಗದಂತೆ ತಡೆಯುತ್ತದೆ. ಒತ್ತುಡುಪು ಇಡೀ ದಿನ ಹಾಕಿಕೊಳ್ಳಬೇಕಾದ ಬಿಗಿ ಬಟ್ಟೆ. ಪುರಾವೆ ನಾವು ಬಯಸಿದಷ್ಟು ಬಲವಾಗಿಲ್ಲ. ಆದರೂ ದೊಡ್ಡ ಕಸಿ ಆದವರಿಗೆ ನಾನು ಅದನ್ನು ಬಿಡಲು ಹೇಳುವುದಿಲ್ಲ, ಕಲೆಯ ದಪ್ಪ ಇಳಿದದ್ದನ್ನು ಕಂಡಿದ್ದೇನೆ, ನವೆ ಕಡಿಮೆಯಾಯಿತು ಅಂತ ರೋಗಿಗಳೂ ಹೇಳುತ್ತಾರೆ.

ಪ್ರಶ್ನೆಗಾರ

ಹಾಗಾದರೆ ಕಲೆಯೇ ಬಾರದಂತೆ ತಡೆಯುವ ಔಷಧ ಇಷ್ಟು ವರ್ಷವಾದರೂ ಯಾಕೆ ಬಂದಿಲ್ಲ?

ಕೋಶಲೋಕ

ಬಂದೇಬಿಟ್ಟಿತು ಅಂದುಕೊಂಡ ಕಾಲವೊಂದಿತ್ತು. ಗರ್ಭದಲ್ಲಿರುವ ಶಿಶುವಿನ ಚರ್ಮಕ್ಕೆ ಆರಂಭದ ತಿಂಗಳುಗಳಲ್ಲಿ ಗಾಯವಾದರೆ ಕಲೆಯಿಲ್ಲದೆ ಮಾಯುತ್ತದೆ. ನಾನು ಆಗಲೇ ಹೇಳಿದ ಟಿಜಿಎಫ್-ಬೀಟಾದಲ್ಲಿ ಹಲವು ಬಗೆ; ಅಲ್ಲಿ ಬೀಟಾ3 ಹೆಚ್ಚು, ಬೀಟಾ1 ಕಡಿಮೆ. ಇದನ್ನು ಹಿಡಿದು ಮ್ಯಾಂಚೆಸ್ಟರ್‌ನ ಮಾರ್ಕ್ ಫರ್ಗ್ಯೂಸನ್ ಬೀಟಾ3ಯನ್ನೇ ಚುಚ್ಚುಮದ್ದಾಗಿ ಮಾಡಿದರು, ಹೆಸರು ಜುವಿಸ್ಟಾ. 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆರಂಭಿಕ ಫಲಿತಾಂಶ ಆಶಾದಾಯಕವಾಗಿತ್ತು. 2011ರಲ್ಲಿ ಮೂರನೇ ಹಂತದ, ಅಂದರೆ ಹೆಚ್ಚು ಜನರ ಮೇಲಿನ, ಪ್ರಯೋಗ ವಿಫಲವಾಯಿತು.

ಈಗ ಹೆಚ್ಚು ಕೇಳಿಬರುವುದು ಸ್ಟ್ಯಾನ್‌ಫೋರ್ಡ್‌ನ ಮೈಕೇಲ್ ಲಾಂಗೇಕರ್ ತಂಡದ ಕೆಲಸ. ಇಲಿಯ ಬೆನ್ನಿನ ಚರ್ಮದಲ್ಲಿ ಕಲೆ ಕಟ್ಟುವ ಫೈಬ್ರೊಬ್ಲಾಸ್ಟ್‌ಗಳ ಪ್ರತ್ಯೇಕ ವಂಶವೇ ಇದೆ ಎಂದು 2015ರಲ್ಲಿ ತೋರಿಸಿದರು. 2021ರಲ್ಲಿ ಇನ್ನೊಂದು ಹೆಜ್ಜೆ: ಗಾಯದ ಮೇಲಿನ ಸೆಳೆತವನ್ನು ಕೋಶ ಗ್ರಹಿಸುವ ದಾರಿಯನ್ನು ವರ್ಟೆಪೋರ್ಫಿನ್ ಎಂಬ, ಕಣ್ಣಿನ ರೋಗಕ್ಕೆ ಬಳಸುವ ಹಳೆಯ ಔಷಧದಿಂದ ತಡೆದಾಗ ಇಲಿಗಳಲ್ಲಿ ಕೂದಲು, ಗ್ರಂಥಿಗಳ ಸಮೇತ ಚರ್ಮ ಮರಳಿತು. ಓದಿದಾಗ ನನಗೆ ರೋಮಾಂಚನವಾಯಿತು. ಆದರೆ ಇಲಿಯ ಚರ್ಮ ಸಡಿಲ, ಅದರ ಕೆಳಗೆ ನಮಗಿಲ್ಲದ ಸ್ನಾಯುಪದರವಿದೆ, ಗಾಯ ಬಹುಪಾಲು ಸಂಕುಚಿಸಿಯೇ ಮುಚ್ಚುತ್ತದೆ. ಅದಕ್ಕೇ ಕಲೆಯ ಸಂಶೋಧಕರು ಹಂದಿಯತ್ತ ಹೋಗುತ್ತಾರೆ. ಹಂದಿ ಚರ್ಮ ನಮ್ಮದಕ್ಕೆ ಹತ್ತಿರ, ಆದರೆ ಸಾಕುವ ವೆಚ್ಚ, ಸಮಯ ಎರಡೂ ಹೆಚ್ಚು.

ಬೆಳ್ಳಿಮೋಡ

ಇವೆಲ್ಲ ಹೊಸ ಗಾಯದ ಮಾತು. ಆಗಲೇ ಕಲೆ ಬಂದು ವರ್ಷಗಳಾದ ನಮ್ಮಂಥವರಿಗೆ?

ಮುಂಗಾರು_ಓದು

@ಬೆಳ್ಳಿಮೋಡ, ಅಲ್ಲೂ ವುಡ್ ತಂಡದ ಕೈ ಇದೆ. ಕಾಲಜನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಆ ಕಟ್ಟೇ ಕಲೆಯನ್ನು ಗಡುಸಾಗಿಸುವುದು. ಸಿಡ್ನಿಯ ಔಷಧ ಕಂಪನಿಯೊಂದರ ಜತೆ ಸೇರಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ತಡೆಯುವ ಕ್ರೀಮ್ ಪರೀಕ್ಷಿಸಿದರು. ಹಂದಿಗಳಲ್ಲಿ ಫಲ ಕಂಡ ಮೇಲೆ ಹಳೆಯ ಕಲೆಗಳಿರುವ ಜನರ ಮೇಲೂ ಮೂರು ತಿಂಗಳು ಬಳಸಿದರು. ಕಿಣ್ವದ ಚಟುವಟಿಕೆ ಇಳಿಯಿತು, ಕಲೆಯೊಳಗಿನ ಕಾಲಜನ್ ಅಂಶವೂ ಇಳಿಯಿತು. ಆದರೆ ಆ ಅವಧಿಯಲ್ಲಿ ನೋಟ, ಸ್ಪರ್ಶದ ಅಂಕಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಪ್ರಯೋಗದ ಹಂತದಲ್ಲೇ ಇರುವ ಔಷಧ ಅದು.

ಕತ್ತರಿ_ಸೂಜಿ

ಇವತ್ತೇ ಸಿಗುವುದು ಅಂದರೆ ಫ್ರಾಕ್ಷನಲ್ ಲೇಸರ್. ಕಲೆಯಲ್ಲಿ ಸಾವಿರಾರು ಸೂಕ್ಷ್ಮ ರಂಧ್ರ ಕೊರೆದು ಮತ್ತೆ ಹದಗೊಳ್ಳಲು ಪ್ರೇರೇಪಿಸುತ್ತದೆ. ಬಿಗಿತ, ನವೆ ಎರಡೂ ಇಳಿಯಬಹುದು. ಕುತ್ತಿಗೆ ತಿರುಗಿಸಲು ಕಷ್ಟವಿದ್ದರೆ ಝೆಡ್-ಪ್ಲಾಸ್ಟಿಯಂಥ (ಝೆಡ್ ಆಕಾರದಲ್ಲಿ ಕತ್ತರಿಸಿ ಬಿಗಿದ ಕಲೆಯನ್ನು ಸಡಿಲಿಸುವ) ಬಿಡುಗಡೆ ಶಸ್ತ್ರಚಿಕಿತ್ಸೆಗೆ ವರ್ಷಗಳಾದರೂ ತಡವಾಗಿಲ್ಲ. ನವೆಗೆ ನರಸಂಬಂಧಿ ಔಷಧಗಳೂ ಇವೆ, ಗ್ಯಾಬಪೆಂಟಿನ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಮುಂಗಾರು_ಓದು

ನರದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ವುಡ್ ಅವರ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಇದು. ಚಿಕ್ಕ ಸುಟ್ಟಗಾಯವಾಗಿ ಮಾಯ್ದವರ ಚರ್ಮವನ್ನು ಪರೀಕ್ಷಿಸಿದಾಗ, ಸುಡದ ಇನ್ನೊಂದು ಬದಿಯ ಅದೇ ಜಾಗದಲ್ಲೂ ನರತಂತುಗಳ ಸಾಂದ್ರತೆ ಬದಲಾಗಿತ್ತು. ಅಂದರೆ ಗಾಯದ ಸುದ್ದಿ ಇಡೀ ಮೈಗೆ ತಲುಪಿತ್ತು. ಆಮೇಲೆ ಸಂಶೋಧಕಿ ಜಾನೀನ್ ಡ್ಯೂಕ್ ಜತೆ ಸೇರಿ ಪಶ್ಚಿಮ ಆಸ್ಟ್ರೇಲಿಯಾದ ಆಸ್ಪತ್ರೆ ದಾಖಲೆಗಳನ್ನು ದಶಕಗಳ ಉದ್ದಕ್ಕೂ ಜೋಡಿಸಿ ನೋಡಿದರು. ಸುಟ್ಟಗಾಯಕ್ಕೆ ದಾಖಲಾದವರು, ಗಾಯ ದೊಡ್ಡದಲ್ಲದಿದ್ದರೂ, ಮುಂದೆ ಹೃದಯ-ರಕ್ತನಾಳದ ತೊಂದರೆಗಳಿಗೆ ಅದೇ ವಯಸ್ಸಿನ ಉಳಿದವರಿಗಿಂತ ಹೆಚ್ಚು ಬಾರಿ ಆಸ್ಪತ್ರೆ ಸೇರಿದ್ದರು.

ತಕ್ಕಡಿ

ದಾಖಲೆ ಜೋಡಿಸಿದ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ. ಸಿಗರೇಟು, ಬಡತನ, ಕುಡಿತ ಸುಟ್ಟಗಾಯದ ಅಪಾಯವನ್ನೂ ಹೃದ್ರೋಗದ ಅಪಾಯವನ್ನೂ ಹೆಚ್ಚಿಸುತ್ತವೆ. ಆದರೂ ಮಕ್ಕಳಾಗಿದ್ದಾಗ ಸುಟ್ಟವರಲ್ಲೂ ಅದೇ ಜಾಡು ಕಂಡಿದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾರೆ. ಈ ವಿಷಯದಲ್ಲಿ ಆಕೆಯ ತಂಡಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ವಾರ್ಡಿನಿಂದ ಮನೆಗೆ ಕಳಿಸಿದ ಮೇಲೂ ರೋಗಿಯನ್ನು ಹಿಂಬಾಲಿಸಿ ನೋಡುವವರು ಕಡಿಮೆ.

ಒಬ್ಬ_ತಾಯಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗುವಿನ ತೋಳಿನ ಮೇಲೆ ಬಿಸಿನೀರು ಬಿದ್ದಿದೆ. ಬೊಬ್ಬೆ ಒಡೆದಿದೆ, ಡ್ರೆಸ್ಸಿಂಗ್ ನಡೆಯುತ್ತಿದೆ. ಒಂದು ವಾರ ಕಳೆಯಿತು, ಒಂದು ಕಡೆ ಇನ್ನೂ ಬೆಳ್ಳಗೆ ಕಾಣುತ್ತಿದೆ. ಮೂರು ವಾರದ ಲೆಕ್ಕ ಓದಿ ಎದೆ ಹೊಡೆದುಕೊಳ್ಳುತ್ತಿದೆ. ಆ ದಿನ ನೀರಿನ ಕೆಳಗೆ ಹಿಡಿದಿದ್ದೆ, ಅದರಿಂದ ಏನಾದರೂ ಪ್ರಯೋಜನ ಆಗಿರುತ್ತದಾ?

ಕತ್ತರಿ_ಸೂಜಿ

ಖಂಡಿತ ಆಗಿರುತ್ತದೆ. 1953ರಲ್ಲಿ ಡಗ್ಲಸ್ ಜಾಕ್ಸನ್ ತೋರಿಸಿದಂತೆ ಸುಟ್ಟಗಾಯದ ನಡುವೆ ಸತ್ತ ಭಾಗ, ಅದರ ಸುತ್ತ ಸಾಯಲೂಬಹುದು ಬದುಕಲೂಬಹುದು ಅನ್ನುವ ಒಂದು ವಲಯ ಇರುತ್ತದೆ. ಹರಿಯುವ ತಣ್ಣೀರು ಉಳಿಸುವುದು ಆ ವಲಯವನ್ನು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2,495 ಮಕ್ಕಳ ದಾಖಲೆ ನೋಡಿದ 2020ರ ಅಧ್ಯಯನದಲ್ಲಿ, 20 ನಿಮಿಷ ಅಥವಾ ಹೆಚ್ಚು ಹೊತ್ತು ನೀರಿನ ಕೆಳಗೆ ಹಿಡಿದಿದ್ದವರಲ್ಲಿ ಚರ್ಮ ಕಸಿ ಬೇಕಾಗುವ ಸಾಧ್ಯತೆ ಸುಮಾರು ಶೇ 40ರಷ್ಟು ಇಳಿದಿತ್ತು. ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಉಳಿದವರೂ ನೆನಪಿಡಿ: ಐಸ್ ಬೇಡ, ಪೇಸ್ಟ್ ಬೇಡ, ಮಗುವಿನ ಉಳಿದ ಮೈ ಬೆಚ್ಚಗಿರಲಿ.

ಇನ್ನು ಆ ಬಿಳಿ ಜಾಗ. ಅದು ಉಳಿದ ಕಡೆಗಿಂತ ಆಳವಾಗಿ ಸುಟ್ಟಿರಬಹುದು, ಅಥವಾ ಡ್ರೆಸ್ಸಿಂಗ್ ಕೆಳಗಿನ ತೇವದ ಪದರವೂ ಆಗಿರಬಹುದು. ಫೋಟೋ ನೋಡಿ ಹೇಳುವ ವಿಷಯ ಅಲ್ಲ. ಮೂರು ವಾರ ಮುಗಿಯಲಿ ಅಂತ ಕಾಯಬೇಡಿ. ಸುಟ್ಟಗಾಯ ನೋಡುವ ತಜ್ಞರ ಬಳಿ ನಾಳೆಯೇ ತೋರಿಸಿ. ಜ್ವರ, ವಾಸನೆ, ಸುತ್ತ ಹಬ್ಬುವ ಕೆಂಪು, ಮಗು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಇವತ್ತೇ ಹೋಗಿ.

ಸ್ಪ್ಲಿಂಟ್_ಗೆಳತಿ

@ಒಬ್ಬ_ತಾಯಿ, ಮೊಣಕೈ ಹತ್ತಿರ ಸುಟ್ಟಿದ್ದರೆ ತೋಳು ಪೂರ್ತಿ ನೀಡುವಂತೆ ಆಟ ಆಡಿಸಿ, ಮಡಚಿಕೊಂಡೇ ಮಲಗಲು ಬಿಡಬೇಡಿ. ಮಸಾಜ್, ಸಿಲಿಕೋನ್ ಎರಡೂ ಗಾಯ ಪೂರ್ತಿ ಮುಚ್ಚಿದ ಮೇಲೆ ಮಾತ್ರ. ಹೊಸ ಚರ್ಮವನ್ನು ಬಿಸಿಲಿನಿಂದ ಮುಚ್ಚಿಡಿ, ಇಲ್ಲದಿದ್ದರೆ ಬಣ್ಣ ಕಪ್ಪಾಗಿ ಉಳಿಯುತ್ತದೆ. ಮಾಯ್ದ ಮೇಲೆ ಮೊದಲ ಕೆಲವು ತಿಂಗಳು ಕಲೆ ಕೆಂಪಾಗಿ ಉಬ್ಬುತ್ತ ಹೋಗಬಹುದು. ಆಗ ಗಾಬರಿಯಾಗದೆ, ಆದರೆ ತಡವನ್ನೂ ಮಾಡದೆ ತೋರಿಸಿ.

ಒಬ್ಬ_ತಾಯಿ

ನಾಳೆ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಡಾಕ್ಟರು ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.